ಹಳೇ ಗಾಡಿಗೆ ಎಮಿಷನ್ ಟೆಸ್ಟ್: ಬೆಳಗಾವಿ, ಬಾಗಲಕೋಟೆ, ವಿಜಯಪುರದವರು ಪದೇ ಪದೇ ಕೇಳುವ ಪ್ರಶ್ನೆಗಳು

ಗ್ಯಾರೇಜಿಗೆ ಬಂದವರು, ಫೋನ್ ಮಾಡಿದವರು, ಬರೆದು ಕೇಳಿದವರು ಹೆಚ್ಚು ಕೇಳಿದ್ದನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಅವರವರ ಮಾತಿನಲ್ಲೇ ಇವೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಆಮೇಲೆ. ನಿಮಗೆ ಬೇಕಾದ್ದಷ್ಟೇ ಓದಿಕೊಂಡರೂ ಸಾಕು.

ಮೊದಲಿಗೆ ತಿಳಿಯಬೇಕಾದ್ದು

ಯಾವ್ಯಾವ ಗಾಡಿಗಿ ಬೇಕ್ರಿ, ಎಷ್ಟು ದಿನಕ್ಕೊಮ್ಮೆ ಮಾಡಸ್ಬೇಕು?

ಹೊಸ ಗಾಡಿಗೆ ನೋಂದಣಿಯಾಗಿ ಒಂದು ವರ್ಷದ ತನಕ ಬೇಡ. ಆಮೇಲೆ ಪೆಟ್ರೋಲ್, ಡೀಸೆಲ್, ಗ್ಯಾಸ್ ಯಾವುದೇ ಇರಲಿ, ಎಮಿಷನ್ ಸರ್ಟಿಫಿಕೇಟ್, ಅಂದರೆ ಹೊಗೆ ಟೆಸ್ಟ್ ಪಾಸಾದ ಕಾಗದ, ಇರಲೇಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 115ನೇ ನಿಯಮ ಹೇಳುವುದು ಇದನ್ನೇ. ಬ್ಯಾಟರಿ ಗಾಡಿಗೆ ಬೇಡ, ಅದರಲ್ಲಿ ಹೊಗೆಯೇ ಇಲ್ಲವಲ್ಲ.

ಬಿಎಸ್ ಅಂದರೆ ಭಾರತ್ ಸ್ಟೇಜ್, ಗಾಡಿಯ ಹೊಗೆಗೆ ಸರ್ಕಾರ ಇಟ್ಟ ಮಾನದಂಡ. ಬಿಎಸ್ 4 ಮತ್ತು ಬಿಎಸ್ 6 ಗಾಡಿಗೆ ಸರ್ಟಿಫಿಕೇಟ್ ಒಂದು ವರ್ಷ ನಡೆಯುತ್ತದೆ. ಅದಕ್ಕಿಂತ ಹಳೆಯದಕ್ಕೆ ಆರೇ ತಿಂಗಳು. ಬಿಎಸ್ 4 ದೇಶಕ್ಕೆಲ್ಲ ಬಂದದ್ದು 2017ರ ಏಪ್ರಿಲ್‌ನಲ್ಲಿ, ಬಿಎಸ್ 6 ಬಂದದ್ದು 2020ರ ಏಪ್ರಿಲ್‌ನಲ್ಲಿ. ಹಾಗಾಗಿ 2017ಕ್ಕೂ ಹಿಂದಿನ ಬೈಕುಗಳಿಗೆ ಹೆಚ್ಚಾಗಿ ಆರು ತಿಂಗಳ ಲೆಕ್ಕ. ಕಾರುಗಳಲ್ಲಿ ಕೆಲವು ಅದಕ್ಕೂ ಮೊದಲೇ ಬಿಎಸ್ 4 ಆಗಿದ್ದವು. ಅಂದಾಜು ಮಾಡಬೇಡಿ, ಸರ್ಟಿಫಿಕೇಟಿನಲ್ಲಿರುವ ಕೊನೆಯ ತಾರೀಖು ನೋಡಿ.

ಹದಿನೈದು ವರ್ಷ ದಾಟಿದ ಗಾಡಿ ಪಾಸೇ ಆಗಂಗಿಲ್ಲ ಅಂತಾರಲ್ಲ, ಖರೇ ಏನ್ರಿ?

ಸುಳ್ಳು. ಗಾಡಿಗೆ ಎಷ್ಟು ವಯಸ್ಸಾಯ್ತು ಅಂತ ಮಷೀನ್ ಕೇಳುವುದಿಲ್ಲ. ಗಾಡಿ ತಯಾರಾದ ಕಾಲಕ್ಕೆ ಯಾವ ಮಿತಿ ಇತ್ತೋ ಅದಕ್ಕೇ ಹೋಲಿಸುತ್ತದೆ. ಹಳೆಯದಕ್ಕೆ ಮಿತಿ ಸಡಿಲ, ಹೊಸದಕ್ಕೆ ಬಿಗಿ.

2000ದ ಮಾರ್ಚ್ 31ರೊಳಗೆ ತಯಾರಾದ ದ್ವಿಚಕ್ರ, ತ್ರಿಚಕ್ರ ಪೆಟ್ರೋಲ್ ಗಾಡಿಗೆ ಕಾರ್ಬನ್ ಮೊನಾಕ್ಸೈಡ್, ಅಂದರೆ ಸಿಒ, ಶೇ. 4.5 ದಾಟಬಾರದು. ಉರಿಯದೆ ಹೊರಬೀಳುವ ಇಂಧನ, ಅಂದರೆ ಎಚ್‌ಸಿ, 9000 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 9000 ಪಾಲು) ದಾಟಬಾರದು. ಅದರ ನಂತರ ಬಂದ ಹಳೇ ಬೈಕುಗಳಿಗೆ ಸಿಒ ಶೇ. 3.5. ಎಚ್‌ಸಿ ಫೋರ್ ಸ್ಟ್ರೋಕ್‌ಗೆ 4500, ಟೂ ಸ್ಟ್ರೋಕ್‌ಗೆ 6000. ಕಾರುಗಳಲ್ಲಿ ಬಿಎಸ್ 2ಕ್ಕೂ ಹಿಂದಿನದಕ್ಕೆ ಸಿಒ ಶೇ. 3 ಮತ್ತು ಎಚ್‌ಸಿ 1500 ಇದ್ದರೆ, ಬಿಎಸ್ 2 ಮತ್ತು 3ಕ್ಕೆ ಶೇ. 0.5 ಮತ್ತು 750.

ಕೊನೆಯ ಸಾಲು ಇನ್ನೊಮ್ಮೆ ನೋಡಿ. 1998ರ, ಕಾರ್ಬೊರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸುವ ಭಾಗ) ಇರುವ ಮಾರುತಿ 800ಕ್ಕೆ ಶೇ. 3ರ ತನಕ ಜಾಗ ಇದೆ. 2008ರ ಕಾರಿಗೆ ಇರುವುದು ಅದರ ಆರರಲ್ಲಿ ಒಂದು ಪಾಲು. ನಾನು ನೋಡಿದಂತೆ ಟೆಸ್ಟಿನಲ್ಲಿ ಜಾಸ್ತಿ ಒದ್ದಾಡುವುದು ತೀರಾ ಹಳೇ ಗಾಡಿಯಲ್ಲ, ಈ ನಡುವಿನ ಕಾಲದ್ದು.

ದಿಲ್ಲಿಯೊಳಗ ಹಳೇ ಗಾಡಿ ಹಿಡಿಯಾಕತ್ತಾರ. ಇಲ್ಲೂ ಹಿಡೀತಾರೇನು?

ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಅನ್ನೋ ನಿರ್ಬಂಧದ ಮಾತು ದಿಲ್ಲಿ ಮತ್ತು ಅದರ ಸುತ್ತಲಿನ ಪ್ರದೇಶದ್ದು. ಕರ್ನಾಟಕದ ಖಾಸಗಿ ಗಾಡಿಗೆ ಅದು ಅನ್ವಯಿಸುವುದಿಲ್ಲ. 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ತುಂಬಿದ ಸರ್ಕಾರಿ ಗಾಡಿಗಳ ನೋಂದಣಿ ರದ್ದಾಗುತ್ತಿದೆ. ಅದನ್ನು ಕೇಳಿದವರು ತಮ್ಮ ಸ್ಪ್ಲೆಂಡರ್‌ಗೂ ಹಚ್ಚಿಕೊಂಡು ಸುಮ್ನೆ ಹೆದರುತ್ತಾರೆ.

ಸರ್ಟಿಫಿಕೇಟ್ ಇಲ್ದ ಸಿಕ್ಕಬಿದ್ರ ದಂಡ ಎಷ್ಟು?

ಮೋಟಾರು ವಾಹನ ಕಾಯ್ದೆಯ 190(2)ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೇ 10,000 ರೂಪಾಯಿ ತನಕ ದಂಡ, ಅಥವಾ ಮೂರು ತಿಂಗಳ ತನಕ ಜೈಲು, ಅಥವಾ ಎರಡೂ. ಲೈಸೆನ್ಸ್ ಮೂರು ತಿಂಗಳು ಅಮಾನತಾಗುವ ಮಾತೂ ಅಲ್ಲೇ ಇದೆ. ರಸ್ತೆಯಲ್ಲೇ ಕಟ್ಟಿ ಮುಗಿಸುವ ಮೊತ್ತವನ್ನು ರಾಜ್ಯ ಸರ್ಕಾರ ಗೊತ್ತುಮಾಡುತ್ತದೆ. ಅದು ಎಷ್ಟೇ ಇರಲಿ, ಟೆಸ್ಟಿನ ಫೀ ಅದಕ್ಕಿಂತ ಎಷ್ಟೋ ಕಮ್ಮಿ.

ಟೆಸ್ಟಿಗೆ ಹೋಗುವ ದಿನ

ಏನೇನು ಒಯ್ಯಬೇಕ್ರಿ?

ಗಾಡಿ, ಆರ್‌ಸಿ, ಸಂದೇಶ ಬರುವ ಮೊಬೈಲ್. ನಂಬರ್ ಪ್ಲೇಟ್ ಒರೆಸಿಕೊಂಡು ಹೋಗಿ. ಅದರ ಫೋಟೋ ತೆಗೆದು ಸರ್ಟಿಫಿಕೇಟ್ ಮೇಲೆ ಹಾಕುತ್ತಾರೆ. ಕೆಸರು ಮೆತ್ತಿದ್ದರೆ, ಅಂಕಿ ಅಳಿಸಿದ್ದರೆ ಅಲ್ಲೇ ತಕರಾರು ಶುರು. ಕಾಗದ ಕಳೆದರೂ ಚಿಂತೆ ಬೇಡ. ವಿವರ ಪರಿವಾಹನ್ ಜಾಲತಾಣದಲ್ಲಿ ಇರುತ್ತದೆ, ಎಂಪರಿವಾಹನ್ ಆ್ಯಪ್‌ನಲ್ಲಿ ತೋರಿಸಬಹುದು.

ಆ ಮಷೀನ್ ಖರೇನ ಏನ್ ನೋಡ್ತದ?

ಪೆಟ್ರೋಲ್ ಗಾಡಿಯಾದರೆ ಇಂಜಿನ್ ಸ್ಲೋ ಸ್ಪೀಡಿನಲ್ಲಿ ಓಡುತ್ತಿರುವಾಗ ಸೈಲೆನ್ಸರ್ ಒಳಗೆ ಉದ್ದನೆ ಕೊಳವೆ ತೂರಿಸುತ್ತಾರೆ. ಅದು ಹೊಗೆ ಎಳೆದುಕೊಂಡು ಸಿಒ ಶೇಕಡಾ ಎಷ್ಟು, ಎಚ್‌ಸಿ ಎಷ್ಟು ಪಿಪಿಎಂ ಅಂತ ಪರದೆ ಮೇಲೆ ತೋರಿಸುತ್ತದೆ. ಅಂಕಿ ಮೊದಲು ಕುಣಿಯುತ್ತದೆ, ಆಮೇಲೆ ನಿಲ್ಲುತ್ತದೆ. ನಿಂತ ಮೇಲಿನದ್ದೇ ಲೆಕ್ಕ. ಬಿಎಸ್ 4 ಮತ್ತು ನಂತರದ ಪೆಟ್ರೋಲ್ ಕಾರುಗಳನ್ನು 2500 ಆರ್‌ಪಿಎಂ ಸುತ್ತಮುತ್ತ ರೇಸ್ ಮಾಡಿಯೂ ನೋಡಬೇಕು.

ಡೀಸೆಲ್‌ನದ್ದು ಬೇರೆ. ಗಾಡಿ ನ್ಯೂಟ್ರಲ್‌ನಲ್ಲಿ ನಿಂತಿರುವಾಗ ಆ್ಯಕ್ಸಿಲರೇಟರನ್ನು ಒಮ್ಮೆಲೇ ಪೂರ್ತಿ ಒತ್ತುತ್ತಾರೆ. ಹೀಗೆ ಕೆಲವು ಸಲ. ಹೊಗೆ ಬೆಳಕನ್ನು ಎಷ್ಟು ತಡೆಯುತ್ತದೆ ಅಂತ ಸ್ಮೋಕ್ ಮೀಟರ್ ಅಳೆಯುತ್ತದೆ. ಬಿಎಸ್ 4ಕ್ಕೂ ಹಿಂದಿನ ಡೀಸೆಲ್ ಗಾಡಿಗೆ ಮಿತಿ 65 ಹಾರ್ಟ್ರಿಜ್ ಯೂನಿಟ್ (ಹೊಗೆಯ ದಟ್ಟಣೆಯ ಅಳತೆ), ಬಿಎಸ್ 4ಕ್ಕೆ 50.

ಗಾಡಿ ಬಿಸಿ ಮಾಡ್ಕೊಂಡ ಬರ್ರಿ ಅಂತಾರ. ಎಷ್ಟು ಬಿಸಿ?

ಸೈಲೆನ್ಸರ್ ಮುಟ್ಟಲು ಆಗಬಾರದು, ಚೋಕ್ ಪೂರ್ತಿ ಒಳಗೆ ಹೋಗಿರಬೇಕು, ಸ್ಲೋ ಸ್ಪೀಡ್ ಅಲುಗಾಡದೆ ನಿಲ್ಲಬೇಕು. ಹಿಂಡಲಗಾದಿಂದ ಬೆಳಗಾವಿ ಊರೊಳಗೆ ಬಂದರೆ ಬೈಕಿಗೆ ಅಷ್ಟು ಸಾಕು. ಕಾರಿಗೆ, ಜೀಪಿಗೆ ಇನ್ನಷ್ಟು ಓಡಿಸಿ. ಡೀಸೆಲ್‌ಗೆ ಇಂಜಿನ್ ಆಯಿಲ್ ಕನಿಷ್ಠ 60 ಡಿಗ್ರಿ ಮುಟ್ಟಿರಬೇಕು.

ತಣ್ಣಗಿನ ಇಂಜಿನ್ನಿಗೆ ಪೆಟ್ರೋಲ್ ಜಾಸ್ತಿ ಹೋಗುತ್ತದೆ, ಹೋದದ್ದು ಪೂರ್ತಿ ಉರಿಯುವುದಿಲ್ಲ. ಬೆಳಗಾವಿಯ ಜುಲೈ ಮಳೆಯಲ್ಲಿ ಮನೆ ಪಕ್ಕದ ಸೆಂಟರಿಗೆ ಗಾಡಿ ತಳ್ಳಿಕೊಂಡು ಹೋಗಿ ಟೆಸ್ಟ್ ಕೊಟ್ಟರೆ ಫೇಲ್ ಆಗುವುದು ಸಹಜ. ಸರತಿಯಲ್ಲಿ ಅರ್ಧ ಗಂಟೆ ಆಫ್ ಮಾಡಿ ನಿಂತಿದ್ದರೆ ಇನ್ನೊಂದು ಸುತ್ತು ಹೊಡೆದು ಬನ್ನಿ. ಸೆಂಟರಿನವರು ಬೇಡ ಅನ್ನುವುದಿಲ್ಲ.

ಫೇಲ್ ಅಂತ ಬಂದಾಗ

ಫೇಲ್ ಆತು. ಮೆಕ್ಯಾನಿಕ್ ಇಂಜಿನ್ ಬಿಚ್ಚಬೇಕು ಅಂತಾನ. ಬಿಚ್ಚಿಸ್ಲೇನು?

ತಡೀರಿ. ಮೊದಲು ಫೇಲ್ ಆದ ಚೀಟಿ ಕೇಳಿ ತಗೊಳ್ಳಿ. 2021ರಲ್ಲಿ ದೇಶಕ್ಕೆಲ್ಲ ಒಂದೇ ನಮೂನೆಯ ಸರ್ಟಿಫಿಕೇಟ್ ಬಂದಾಗ ಈ ಚೀಟಿಯನ್ನೂ ತಂದರು. ಯಾವ ಅಂಕಿ ಎಷ್ಟು ದಾಟಿದೆ ಅಂತ ಅದರಲ್ಲಿ ಇರುತ್ತದೆ. ಅದನ್ನು ನೋಡದೆ ಪಾನಾ ಹಿಡಿಯುವ ಮೆಕ್ಯಾನಿಕ್ ಹತ್ತಿರ ಗಾಡಿ ಬಿಡಬೇಡಿ.

ಸಿಒ ಜಾಸ್ತಿ ಇದ್ದರೆ ಪೆಟ್ರೋಲ್ ಜಾಸ್ತಿ, ಗಾಳಿ ಕಮ್ಮಿ ಅಂತ ಅರ್ಥ. ಎಚ್‌ಸಿ ಜಾಸ್ತಿ ಇದ್ದರೆ ಪೆಟ್ರೋಲ್ ಉರಿಯದೆ ಹಾಗೇ ಹೊರಗೆ ಬರುತ್ತಿದೆ. ಕಿಡಿ ಸರಿಯಿಲ್ಲ, ಕಂಪ್ರೆಷನ್ ಇಲ್ಲ, ಇಲ್ಲವೇ ಆಯಿಲ್ ಸುಡುತ್ತಿದೆ. ಎರಡೂ ಜಾಸ್ತಿ ಇದ್ದರೆ ಏರ್ ಫಿಲ್ಟರ್‌ನಿಂದಲೇ ಶುರು ಮಾಡಿ.

ಏರ್ ಫಿಲ್ಟರ್ ಅಂದೆ, ಅದರ ಬಗ್ಗೆ ಒಂಚೂರು ಜಾಸ್ತಿಯೇ ಹೇಳುತ್ತೇನೆ. ನಮ್ಮ ಮೂರು ಜಿಲ್ಲೆಗಳ ಹಳೇ ಗಾಡಿಗಳ ಅರ್ಧ ರೋಗ ಇರುವುದು ಅಲ್ಲೇ. ಇಂಡಿ, ಸಿಂದಗಿ ಕಡೆಯ ಹೊಲದ ದಾರಿಯಲ್ಲಿ ಓಡಿದ ಬೈಕಿನ ಫಿಲ್ಟರ್ ತೆಗೆದು ನೆಲಕ್ಕೆ ತಟ್ಟಿದರೆ ಕರಿಮಣ್ಣು ಪುಡಿಪುಡಿಯಾಗಿ ಗುಡ್ಡೆ ಬೀಳುತ್ತದೆ. ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ, ಗೋಕಾಕ ಕಡೆಯವರ ಫಿಲ್ಟರ್ ಡಬ್ಬಿಯಲ್ಲಿ ಒಣಗಿದ ರವದಿ ಚೂರೂ ಸಿಗುತ್ತದೆ. ಕಾಗದದ ಫಿಲ್ಟರನ್ನು ಪೆಟ್ರೋಲ್‌ನಲ್ಲಿ ತೊಳೆಯುವವರಿದ್ದಾರೆ. ಹಾಗೆ ಮಾಡಬೇಡಿ, ಬದಲಾಯಿಸಿ. ಸ್ಪಂಜಿನದ್ದನ್ನು ಮಾತ್ರ ತೊಳೆದು, ಹಿಂಡಿ, ಆಯಿಲ್ ಸವರಿ ಹಾಕಬಹುದು. ಕಂಪನಿ ಹೇಳಿದ ಕಿಲೋಮೀಟರ್ ಲೆಕ್ಕ ಡಾಂಬರು ರಸ್ತೆಗೆ. ಮಣ್ಣಿನ ದಾರಿಯವರು ಅದರ ಅರ್ಧಕ್ಕೇ ನೋಡಬೇಕು.

ಆಮೇಲೆ ಪ್ಲಗ್ ಬಿಚ್ಚಿ ತುದಿ ನೋಡಿ. ತಿಳಿ ಕಂದು ಬಣ್ಣ ಇದ್ದರೆ ಒಳಗೆ ಎಲ್ಲ ಸರಿ. ಒಣಗಿದ ಕರಿ ಮಸಿ, ಬೆರಳಿಗೆ ಕಾಡಿಗೆಯಂತೆ ಹತ್ತಿದರೆ ಪೆಟ್ರೋಲ್ ಜಾಸ್ತಿ. ಕಪ್ಪಗಿದ್ದು ಜಿಡ್ಡಾಗಿದ್ದರೆ ಆಯಿಲ್ ಮೇಲೆ ಬರುತ್ತಿದೆ. ಬೂದಿ ಬಿಳುಪಾಗಿದ್ದರೆ ಪೆಟ್ರೋಲ್ ಕಮ್ಮಿ, ಇಂಜಿನ್ ಅತಿ ಬಿಸಿಯಾಗುತ್ತಿದೆ.

ಫಿಲ್ಟರ್, ಪ್ಲಗ್, ಕಾರ್ಬೊರೇಟರ್ ಸ್ವಚ್ಛ, ಟ್ಯಾಪೆಟ್ ಸೆಟ್ಟಿಂಗ್ (ವಾಲ್ವಿನ ಸಂದು ಹೊಂದಿಸುವುದು). ಈ ನಾಲ್ಕು ಆದ ಮೇಲೂ ಎಚ್‌ಸಿ ಇಳಿಯದಿದ್ದರೆ ಕಂಪ್ರೆಷನ್ ನೋಡಿಸಿ. ಇಂಜಿನ್ ಬಿಚ್ಚುವ ಮಾತು ಬರಬೇಕಾದ್ದು ಅದರ ನಂತರ.

ಬರೇ ಸಿಒ ಜಾಸ್ತಿ ಐತ್ರಿ. ಸ್ಕ್ರೂ ತಿರುವಿದ್ರ ಆತಲ್ಲ?

ಎಷ್ಟೋ ಸಲ ಆಗುತ್ತದೆ. ಆದರೆ ಯಾವ ಸ್ಕ್ರೂ, ಯಾವ ಕಡೆಗೆ ಅನ್ನುವುದು ಗೊತ್ತಿರಬೇಕು. ಸ್ಕ್ರೂ ಕಾರ್ಬೊರೇಟರ್‌ನ ಏರ್ ಫಿಲ್ಟರ್ ಬದಿಗೆ ಇದ್ದರೆ ಅದು ಸಾಮಾನ್ಯವಾಗಿ ಗಾಳಿಯ ಸ್ಕ್ರೂ. ಸಡಿಲ ಮಾಡಿದರೆ ಗಾಳಿ ಜಾಸ್ತಿಯಾಗಿ ಸಿಒ ಇಳಿಯುತ್ತದೆ. ಇಂಜಿನ್ ಬದಿಗೆ ಇದ್ದರೆ ಅದು ಮಿಕ್ಸ್ಚರ್ ಸ್ಕ್ರೂ. ಬಿಗಿ ಮಾಡಿದರೆ ಸಿಒ ಇಳಿಯುತ್ತದೆ. ಎರಡನ್ನೂ ಒಂದೇ ಅಂದುಕೊಂಡು ತಿರುವಿದರೆ ಇದ್ದದ್ದೂ ಕೆಡುತ್ತದೆ.

ಕಾಲು ಸುತ್ತು ತಿರುವಿ, ಇಂಜಿನ್ ಸಮ ಬರುವ ತನಕ ಕಾಯಿರಿ, ಅಂಕಿ ನೋಡಿ. ಅತಿ ಕಮ್ಮಿ ಮಾಡಿದರೆ ಇಂಜಿನ್ ಮಿಸ್ಸಿಂಗ್ ಹೊಡೆದು ಎಚ್‌ಸಿ ಏರುತ್ತದೆ. ಟೆಸ್ಟಿಗೆ ಅಂತ ಪೂರ್ತಿ ಇಳಿಸಿ, ಮನೆಗೆ ಬಂದು ಮೊದಲಿನಂತೆ ಮಾಡುವವರೂ ಇದ್ದಾರೆ. ಸರಿಯಾಗಿ ಹೊಂದಿಸಿದ ಗಾಡಿ ಮೈಲೇಜೂ ಕೊಡುತ್ತದೆ, ಹಿಂದಕ್ಕೆ ತಿರುವುವ ಅಗತ್ಯವೇ ಬೀಳುವುದಿಲ್ಲ. ಎಷ್ಟು ತಿರುವಿದರೂ ಸಿಒ ಅಲ್ಲಾಡದಿದ್ದರೆ ನೀಡಲ್, ಜೆಟ್ ಸವೆದಿದೆ, ಇಲ್ಲವೇ ಫ್ಲೋಟ್ ಮಟ್ಟ ಮೇಲೆ ಬಂದಿದೆ.

ಎಂ 80, ಚೇತಕ್, ಆರ್‌ಎಕ್ಸ್ 100 ಇವು ಪಾಸ್ ಆಗ್ತಾವೇನು?

ಆಗುತ್ತವೆ. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಹೊಸ ಮಿಶ್ರಣದ ಒಂದು ಪಾಲು ಉರಿಯುವ ಮೊದಲೇ ಹೊರಟುಹೋಗುತ್ತದೆ, ಅದಕ್ಕೇ ಎಚ್‌ಸಿ ಮಿತಿ ಅಷ್ಟು ಮೇಲಿದೆ. ಇಲ್ಲಿ ಕಾಟ ಕೊಡುವುದು ಆಯಿಲ್. ಇಂಜಿನ್ನಿಗೆ ಒಳ್ಳೇದು ಅಂತ ಬಂಕಿನಲ್ಲಿ ಎರಡು ಪಟ್ಟು ಆಯಿಲ್ ಹಾಕಿಸುತ್ತಾರೆ. ಕಂಪನಿ ಹೇಳಿದಷ್ಟೇ ಹಾಕಿ, ಟೂ ಟಿ ಆಯಿಲ್ಲೇ ಹಾಕಿ. ಸೈಲೆನ್ಸರ್ ಒಳಗೆ ವರ್ಷಗಟ್ಟಲೆ ಕಟ್ಟಿದ ಮಸಿಯನ್ನು ತೆಗೆಸಿ. ಅದು ತುಂಬಿದ್ದರೆ ಯಾವ ಟ್ಯೂನಿಂಗೂ ಹತ್ತುವುದಿಲ್ಲ.

ಕಮಾಂಡರ್ ಜೀಪ್ ಐತ್ರಿ, ರೇಸ್ ಕೊಟ್ರ ಕರೀ ಹೊಗಿ. ದಾರಿ ಐತೇನು?

ಕರಿ ಹೊಗೆ ಅಂದರೆ ಡೀಸೆಲ್‌ಗೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲ, ಇಲ್ಲವೇ ಡೀಸೆಲ್ ಸಣ್ಣ ಹನಿಯಾಗಿ ಚಿಮ್ಮುತ್ತಿಲ್ಲ. ಏರ್ ಫಿಲ್ಟರ್ ಮೊದಲು. ಹಳೇ ಜೀಪುಗಳಲ್ಲಿ ಆಯಿಲ್ ಬಟ್ಟಲಿನ ಫಿಲ್ಟರ್ ಇದ್ದರೆ ಆ ಆಯಿಲ್ ಮಣ್ಣು ಕೂತು ಗಟ್ಟಿಯಾಗಿರುತ್ತದೆ. ಚೆಲ್ಲಿ, ಹೊಸದು ಹಾಕಿ.

ಎರಡನೆಯದು ನಾಝಲ್, ಅಂದರೆ ಡೀಸೆಲ್ ಚಿಮ್ಮಿಸುವ ಮೂತಿ. ಬಿಚ್ಚಿಸಿ ಪ್ರೆಷರ್ ನೋಡಿಸಿ. ಸೋರುವ ನಾಝಲ್ ಹಾಕಿಕೊಂಡು ಪಾಸ್ ಆಗುವುದು ಕಷ್ಟ. ಮೂರನೆಯದು ಜನ ಬಾಯಿಬಿಟ್ಟು ಹೇಳದ್ದು: ಎಳೆತ ಬರಲಿ ಅಂತ ಪಂಪಿನ ಸೀಲ್ ಒಡೆದು ಡೀಸೆಲ್ ಜಾಸ್ತಿ ಬಿಡಿಸಿರುತ್ತಾರೆ. ಘಾಟಿನಲ್ಲಿ ಗಾಡಿ ಹಗುರ ಏರಿದಂತೆ ಅನಿಸಬಹುದು. ಆದರೆ ಆ ಹೆಚ್ಚಿನ ಡೀಸೆಲ್ ಅರ್ಧ ಹೊಗೆಯಾಗೇ ಹೋಗುತ್ತದೆ. ಪಂಪ್ ಅಂಗಡಿಯಲ್ಲಿ ಕ್ಯಾಲಿಬ್ರೇಷನ್ ಮಾಡಿಸಿ ಮೊದಲಿನ ಅಳತೆಗೆ ತನ್ನಿ.

ಹೊಗೆ ನೀಲಿ ಇದ್ದರೆ ಮಾತೇ ಬೇರೆ. ಅದು ರಿಂಗ್, ಇಲ್ಲವೇ ವಾಲ್ವ್ ಸೀಲ್ ಸವೆದ ಗುರುತು.

ಕಾಗದಪತ್ರದ ತಾಪತ್ರಯ

ಗಾಡಿ ಒಯ್ಯದನ ಸರ್ಟಿಫಿಕೇಟ್ ಕೊಡ್ತೀನಿ ಅಂದಾನ. ತಗೊಳ್ಲೇನು?

ಬೇಡ. ಗಾಡಿಯನ್ನೇ ನೋಡದ ಕಾಗದ ನಿಮ್ಮ ಗಾಡಿಯ ಬಗ್ಗೆ ಏನು ಹೇಳೀತು? ಹೊಗೆ ಕಂಡರೆ ಅಧಿಕಾರಿಗಳು 116ನೇ ನಿಯಮದಂತೆ ಗಾಡಿಯನ್ನು ಅಲ್ಲೇ ಮತ್ತೆ ಟೆಸ್ಟಿಗೆ ಕಳಿಸಬಹುದು. ಜೇಬಿನಲ್ಲಿ ಸರ್ಟಿಫಿಕೇಟ್ ಇದ್ದರೂ ಆಗ ಉಪಯೋಗಕ್ಕೆ ಬರುವುದಿಲ್ಲ. ಇನ್ನೊಂದು, ಮಷೀನ್ ತೋರಿಸುವ ಆ ಎರಡು ಅಂಕಿಗಿಂತ ಅಗ್ಗದ ಇಂಜಿನ್ ತಪಾಸಣೆ ಎಲ್ಲೂ ಸಿಗುವುದಿಲ್ಲ. ದುಡ್ಡು ಕೊಟ್ಟು ಅದನ್ನೇ ಬಿಟ್ಟುಕೊಡುತ್ತೀರಿ.

ನಮ್ಮ ಅಪ್ಪಾರ ಕಾಲದ ಆರ್‌ಸಿ ಬುಕ್. ಕಂಪ್ಯೂಟರ್‌ನ್ಯಾಗ ನಂಬರೇ ತೋರ್ಸವಲ್ದು.

ಕೈಬರಹದ ಪುಸ್ತಕ ಇರುವ ಹಲವು ಗಾಡಿಗಳ ವಿವರ ವಾಹನ್ ವ್ಯವಸ್ಥೆಗೆ ಏರಿಲ್ಲ. ಏರದಿದ್ದರೆ ಟೆಸ್ಟ್ ಸೆಂಟರಿನವರ ಕೈಯಲ್ಲಿ ಏನೂ ಇಲ್ಲ. ಅವರ ಜೊತೆ ಜಗಳ ಬೇಡ. ಮೂಲ ಆರ್‌ಸಿ ಹಿಡಿದು ಗಾಡಿ ನೋಂದಣಿಯಾದ ಆರ್‌ಟಿಒ ಕಚೇರಿಗೆ ಹೋಗಿ, ಬ್ಯಾಕ್‌ಲಾಗ್ ಎಂಟ್ರಿ ಮಾಡಿಕೊಡಿ ಅಂತ ಅರ್ಜಿ ಕೊಡಿ. ಕೆಎ 22 ಇದ್ದರೆ ಬೆಳಗಾವಿ, 23 ಚಿಕ್ಕೋಡಿ, 24 ಬೈಲಹೊಂಗಲ, 28 ವಿಜಯಪುರ, 29 ಬಾಗಲಕೋಟೆ, 48 ಜಮಖಂಡಿ, 49 ಗೋಕಾಕ. ಚಾಸಿ ನಂಬರ್, ಇಂಜಿನ್ ನಂಬರ್ ಪುಸ್ತಕದಲ್ಲಿದ್ದಂತೆಯೇ ಏರಿದೆಯಾ ಅಂತ ಅಲ್ಲೇ ನಿಂತು ನೋಡಿ. ಗಾಡಿ ಅಪ್ಪನ ಹೆಸರಲ್ಲೇ ಇದ್ದು ಅವರು ತೀರಿಕೊಂಡಿದ್ದರೆ ಹೆಸರು ಬದಲಾವಣೆಯನ್ನೂ ಮುಗಿಸಿಬಿಡಿ.

ಗಾಡಿ ಕೊಲ್ಹಾಪುರ ಪಾಸಿಂಗ್, ಇರೂದು ನಿಪ್ಪಾಣಿ. ಟೆಸ್ಟ್ ಎಲ್ಲಿ ಮಾಡಸ್ಬೇಕು?

ಎಲ್ಲಾದರೂ. ಅಧಿಕೃತ ಸೆಂಟರಿನ ಸರ್ಟಿಫಿಕೇಟ್ ದೇಶದಲ್ಲೆಲ್ಲ ನಡೆಯುತ್ತದೆ. ಎಂಎಚ್ 09 ಇರಲಿ, ಸೊಲ್ಲಾಪುರದ ಎಂಎಚ್ 13 ಇರಲಿ. ಆದರೆ ಹೊರ ರಾಜ್ಯದ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಜಾಸ್ತಿ ಇಲ್ಲೇ ಇಟ್ಟುಕೊಂಡರೆ ನೋಂದಣಿಯನ್ನು ಇಲ್ಲಿಗೆ ತರಬೇಕು. ಗಡಿಭಾಗದವರು ಇದನ್ನು ಮರೆತೇಬಿಡುತ್ತಾರೆ.

ಎಮಿಷನ್ ಇಲ್ಲಂದ್ರ ಇನ್ಶೂರೆನ್ಸ್ ಕ್ಲೇಮ್ ಕೊಡಂಗಿಲ್ಲಂತ?

ಅದೊಂದೇ ಕಾರಣಕ್ಕೆ ಕ್ಲೇಮ್ ತಿರಸ್ಕರಿಸುವಂತಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವೇ 2020ರ ಆಗಸ್ಟ್‌ನಲ್ಲಿ ಇದನ್ನು ಸ್ಪಷ್ಟಪಡಿಸಿದೆ.

ಹದಿನೈದು ವರ್ಷ ಮುಗೀತು. ರಿನೀವಲ್‌ಗೆ ಎಮಿಷನ್ ಬೇಕೇನು, ಖರ್ಚೆಷ್ಟು?

ಬೇಕು. ಖಾಸಗಿ ಗಾಡಿಯ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಫಾರ್ಮ್ 25, ಆರ್‌ಸಿ, ಚಾಲ್ತಿ ಇನ್ಶೂರೆನ್ಸ್, ಚಾಲ್ತಿ ಎಮಿಷನ್ ಜೊತೆಗೆ ಗಾಡಿಯನ್ನೂ ತಪಾಸಣೆಗೆ ಒಯ್ಯಬೇಕು. ಅವಧಿ ಮುಗಿಯುವ 60 ದಿನ ಮೊದಲೇ ಅರ್ಜಿ ಹಾಕಬಹುದು.

2022ರ ಏಪ್ರಿಲ್‌ನಿಂದ ನವೀಕರಣ ಶುಲ್ಕ ಬೈಕಿಗೆ 1,000, ಕಾರಿಗೆ 5,000 ರೂಪಾಯಿ. 2025ರ ಆಗಸ್ಟ್‌ನಲ್ಲಿ ಬಂದ ತಿದ್ದುಪಡಿಯಂತೆ ಇಪ್ಪತ್ತು ವರ್ಷ ದಾಟಿದ ಬೈಕಿಗೆ 2,000, ಕಾರಿಗೆ 10,000. ಇದರ ಮೇಲೆ ಹಸಿರು ತೆರಿಗೆ. ತಡ ಮಾಡಿದರೆ ತಿಂಗಳಿಗೆ ಇಷ್ಟು ಅಂತ ದಂಡವೂ ಬೆಳೆಯುತ್ತದೆ. ಸರ್ಟಿಫಿಕೇಟನ್ನು ಅರ್ಜಿಗೆ ಸ್ವಲ್ಪ ಮೊದಲು ಮಾಡಿಸಿ. ಮುಗಿಯಲು ನಾಲ್ಕು ದಿನ ಇರುವ ಕಾಗದ ಒಯ್ದರೆ ತಪಾಸಣೆ ದಿನಕ್ಕೆ ಅದು ಸತ್ತಿರುತ್ತದೆ.

ಸ್ವಲ್ಪ ಆಳದ ಪ್ರಶ್ನೆಗಳು

ಇ20 ಪೆಟ್ರೋಲ್ ಹಾಕಿದ ಮ್ಯಾಲ ಹಳೇ ಬೈಕ್ ಟೆಸ್ಟಿನ್ಯಾಗ ಕೆಡ್ತದೇನು?

ಇದನ್ನು ನಮ್ಮ ಭಾಗದವರಿಗೇ ಕೇಳಬೇಕು ನೋಡಿ! ಇ20 ಅಂದರೆ ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್. ಆ ಎಥೆನಾಲ್ ನಮ್ಮ ಸಕ್ಕರೆ ಕಾರ್ಖಾನೆಗಳಲ್ಲೂ ತಯಾರಾಗುತ್ತದೆ.

ಅಂಕಿಯ ಮಟ್ಟಿಗೆ ಉಲ್ಟಾ, ಸಿಒ ಇಳಿಯುವುದೇ ಜಾಸ್ತಿ. ಎಥೆನಾಲ್ ತೂಕದಲ್ಲಿ ಸುಮಾರು ಮೂರನೇ ಒಂದು ಪಾಲು ಆಮ್ಲಜನಕವೇ ಇರುತ್ತದೆ. ಕಾರ್ಬೊರೇಟರ್ ಮೊದಲಿನಷ್ಟೇ ಇಂಧನ ಬಿಟ್ಟರೂ ಮಿಶ್ರಣ ತೆಳ್ಳಗಾಗುತ್ತದೆ. ಮೊದಲೇ ತೆಳ್ಳಗೆ ಹೊಂದಿಸಿದ್ದ ಗಾಡಿ ಮಾತ್ರ ಈಗ ಮಿಸ್ಸಿಂಗ್ ಹೊಡೆದು ಎಚ್‌ಸಿಯಲ್ಲಿ ಬೀಳಬಹುದು. ಮಿಕ್ಸ್ಚರ್ ಒಂದಿಷ್ಟು ಸರಿಮಾಡಿದರೆ ಮುಗಿಯಿತು.

ಕಾಡುವುದು ಬೇರೆ. ಹಳೇ ರಬ್ಬರ್ ಪೈಪ್, ಸೀಲ್, ಡಯಾಫ್ರಮ್‌ಗಳನ್ನು ಎಥೆನಾಲ್ ಊದಿಸುತ್ತದೆ, ಬಿರುಕು ಬಿಡಿಸುತ್ತದೆ. ನೀರನ್ನೂ ಎಳೆದುಕೊಳ್ಳುತ್ತದೆ. ಖಾನಾಪುರ ಕಡೆಯ ಮಳೆಗಾಲದಲ್ಲಿ ಮೂರು ತಿಂಗಳು ನಿಂತ ಗಾಡಿಯ ಟ್ಯಾಂಕಿನಲ್ಲಿ ನೀರು ಬೇರೆಯಾಗಿ ತಳಕ್ಕೆ ಕೂರಬಹುದು. ಅಂಥ ಗಾಡಿಯನ್ನು ಟೆಸ್ಟಿಗೆ ಒಯ್ಯುವ ಮೊದಲು ಹಳೇ ಪೆಟ್ರೋಲ್ ಇಳಿಸಿ, ಕಾರ್ಬೊರೇಟರ್ ಬಟ್ಟಲು ಸ್ವಚ್ಛ ಮಾಡಿ, ಹೊಸದು ಹಾಕಿ.

ಸೈಲೆನ್ಸರ್‌ಗೆ ತೂತು ಬಿದ್ರ ಹೊಗಿ ಕಮ್ಮಿ ತೋರ್ಸ್ತದಂತ. ಹಂಗ ಬಿಡ್ಲೇನು?

ತೂತಿನಿಂದ ಹೊರಗಿನ ಗಾಳಿ ಒಳಬಂದು ಅಂಕಿ ತೆಳ್ಳಗಾಗುವುದು ನಿಜ. ಆಮ್ಲಜನಕವನ್ನೂ ಅಳೆಯುವ ಮಷೀನ್ ಇದ್ದರೆ ಅದು ತಕ್ಷಣ ಗೊತ್ತಾಗುತ್ತದೆ. ಕಾರಿನಲ್ಲಿ ಈ ತೂತು ಆಕ್ಸಿಜನ್ ಸೆನ್ಸರ್‌ಗಿಂತ (ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಭಾಗ) ಮೊದಲು ಇದ್ದರೆ ಇನ್ನೂ ಕೆಟ್ಟದ್ದು. ಗಾಳಿ ಜಾಸ್ತಿ ಇದೆ ಅಂತ ಸೆನ್ಸರ್ ಮೋಸಹೋಗಿ ಕಂಪ್ಯೂಟರ್ ಪೆಟ್ರೋಲ್ ಹೆಚ್ಚಿಸುತ್ತದೆ, ಸಿಒ ಏರುತ್ತದೆ. ಬೆಸುಗೆ ಹಾಕಿಸಿ.

2008ರ ಪೆಟ್ರೋಲ್ ಕಾರ್. ಪ್ಲಗ್, ಫಿಲ್ಟರ್ ಎಲ್ಲಾ ಹೊಸಾದು. ಆದ್ರೂ ಸಿಒ 0.5 ದಾಟ್ತದ.

ಚೆಕ್ ಇಂಜಿನ್ ದೀಪ ಹತ್ತಿದೆಯಾ ನೋಡಿ. ಕೀ ತಿರುವಿದಾಗಲೂ ಹತ್ತದಿದ್ದರೆ ಯಾರೋ ಬಲ್ಬ್ ಕಿತ್ತಿರಬಹುದು. ಸೆಕೆಂಡ್ ಹ್ಯಾಂಡ್ ಗಾಡಿಗಳಲ್ಲಿ ಇದು ಅಪರೂಪವಲ್ಲ. ಸ್ಕ್ಯಾನರ್ ಹಾಕಿಸಿ. ಆಕ್ಸಿಜನ್ ಸೆನ್ಸರ್ ಮುದಿಯಾಗಿದ್ದರೆ ಸಿಗ್ನಲ್ ಮೇಲೆ ಕೆಳಗೆ ಆಡದೆ ಒಂದೇ ಕಡೆ ನಿಂತಿರುತ್ತದೆ. ಥರ್ಮೋಸ್ಟಾಟ್ (ಇಂಜಿನ್ ಬಿಸಿಯನ್ನು ಹದದಲ್ಲಿಡುವ ಭಾಗ) ತೆಗೆದು ಬಿಸಾಕಿದ ಕಾರೂ ಇದೇ ಕಾಟ ಕೊಡುತ್ತದೆ. ವಿಜಯಪುರದ ಬಿಸಿಲಿಗೆ ಹೆದರಿ ತೆಗೆಸಿರುತ್ತಾರೆ, ಇಂಜಿನ್ ಬಿಸಿಯೇ ಏರದೆ ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಬಿಡುತ್ತಲೇ ಇರುತ್ತದೆ. ಇವೆಲ್ಲ ಸರಿಯಿದ್ದರೆ ಮಾತ್ರ ಕ್ಯಾಟಲಿಟಿಕ್ ಕನ್ವರ್ಟರ್ (ಸೈಲೆನ್ಸರ್ ದಾರಿಯಲ್ಲಿ ಹೊಗೆಯ ವಿಷ ಕಮ್ಮಿ ಮಾಡುವ ಡಬ್ಬಿ) ಮೇಲೆ ಅನುಮಾನ ಪಡಿ. ಅದೇ ದುಬಾರಿ, ಅದಕ್ಕೇ ಕೊನೆಗೆ.

ರಿಪೇರಿಗೇ ಗಾಡಿ ಬೆಲೆ ಆಗಾಕತ್ತೈತಿ. ಗುಜರಿಗೆ ಕೊಟ್ಟಬಿಡ್ಲೇನು?

ಬೋರಿಂಗ್, ಪಂಪ್, ಕನ್ವರ್ಟರ್ ಎಲ್ಲ ಒಟ್ಟಿಗೆ ಬಂದಿದ್ದರೆ, ಜೊತೆಗೆ ನವೀಕರಣದ ಶುಲ್ಕವೂ ಎದುರಿಗಿದ್ದರೆ ಕೊಡುವುದೇ ಲೇಸು. ಆದರೆ ಬೀದಿ ಗುಜರಿಯವನಿಗೆ ಕೊಟ್ಟು ಕೈತೊಳೆದುಕೊಳ್ಳಬೇಡಿ. ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರದಲ್ಲಿ ಕೊಟ್ಟರೆ ಠೇವಣಿ ಪ್ರಮಾಣಪತ್ರ ಸಿಗುತ್ತದೆ. ಅದನ್ನು ತೋರಿಸಿ ಹೊಸ ಖಾಸಗಿ ಗಾಡಿ ತಗೊಂಡರೆ ತೆರಿಗೆಯಲ್ಲಿ ಶೇ. 25ರ ತನಕ ರಿಯಾಯಿತಿ ಕೊಡಲು ಕೇಂದ್ರದ ನಿಯಮದಲ್ಲಿ ಅವಕಾಶ ಇದೆ. ಆರ್‌ಸಿ ರದ್ದಾದ ದಾಖಲೆಯನ್ನು ಕೇಳಿ ಪಡೆಯಿರಿ. ಆರ್‌ಸಿ ರದ್ದಾಗದಿದ್ದರೆ, ಆ ನಂಬರ್ ಹಾಕಿಕೊಂಡು ಯಾರೇ ಓಡಾಡಿದರೂ ನೋಟಿಸ್ ಬರುವುದು ನಿಮ್ಮ ಮನೆಗೆ.